ಸ್ಲೀಪ್‌ಗೆ ಹಾಕಿ ಹೋದ ಕಂಪ್ಯೂಟರ್ ರಾತ್ರಿ ತಾನಾಗೇ ಎದ್ದಿರುತ್ತದೆ, ಫಾರ್ಮ್ಯಾಟ್ ಮಾಡಿಸಲಾ?

ಪ್ರಶ್ನೆ: ನಮಸ್ಕಾರ ಸರ್. ಗದಗದಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಬಿಲ್ ಬುಕ್ ಇಂಥ ಕೆಲಸ. ಡಿಸೈನ್ ಮಾಡುವ ಡೆಸ್ಕ್‌ಟಾಪ್‌ನಲ್ಲಿ ಯಾವಾಗಲೂ ನಾಲ್ಕೈದು ಫೈಲ್ ತೆರೆದೇ ಇರುತ್ತವೆ, ಹಾಗಾಗಿ ರಾತ್ರಿ ಆಫ್ ಮಾಡದೆ ಸ್ಲೀಪ್‌ಗೆ ಹಾಕಿ ಮನೆಗೆ ಹೋಗುತ್ತೇನೆ. ಮುಂಜಾನೆ ಬಂದು ಬಾಗಿಲು ತೆಗೆದರೆ ಸಿಪಿಯು ಫ್ಯಾನ್ ತಿರುಗುತ್ತಿರುತ್ತದೆ. ಸಿಸಿಟಿವಿಯಲ್ಲಿ ನೋಡಿದರೆ ಒಮ್ಮೆ ಸರಿಯಾಗಿ ರಾತ್ರಿ 2 ಗಂಟೆಗೆ ಲೈಟ್ ಹತ್ತಿದೆ. ಇನ್ನೊಮ್ಮೆ ಕರೆಂಟ್ ಹೋಗಿ ಬಂದ ಕೂಡಲೇ ಹತ್ತಿದೆ. ಮಧ್ಯಾಹ್ನ ಊಟಕ್ಕೆ ಹೋದಾಗಲೂ ಕೆಲವು ಸಲ ಹೀಗಾಗಿದೆ. ಪರಿಚಯದ ಹುಡುಗ ಒಬ್ಬ ವೈರಸ್ ಇದೆ, ಫಾರ್ಮ್ಯಾಟ್ ಮಾಡೋಣ ಅನ್ನುತ್ತಾನೆ. ಯಾರಾದರೂ ಹ್ಯಾಕ್ ಮಾಡಿದ್ದಾರಾ? ವಿಂಡೋಸ್ 10 ಇದೆ, ಯುಪಿಎಸ್ ಕೂಡ ಇದೆ. ಬಿಲ್ಲಿಂಗ್‌ಗೆ ಇನ್ನೊಂದು ಕಂಪ್ಯೂಟರ್ ಇದೆ, ಎರಡಕ್ಕೂ ಒಂದೇ ರೌಟರ್. ಧಾರವಾಡದಲ್ಲಿ ಓದುವ ಮಗಳ ಲ್ಯಾಪ್‌ಟಾಪ್ ಬ್ಯಾಗ್ ಒಳಗೇ ಬಿಸಿಯಾಗುತ್ತದೆ, ಅದೂ ಇದೇ ತೊಂದರೆನಾ?

ಉತ್ತರ: ನಮಸ್ಕಾರ ರೀ. ಮೊದಲು ಆ ಹುಡುಗನಿಗೆ ಫಾರ್ಮ್ಯಾಟ್ ಬೇಡ ಅಂತ ಹೇಳಿಬಿಡಿ. ಪ್ರೆಸ್‌ನವರ ಕಂಪ್ಯೂಟರ್ ಫಾರ್ಮ್ಯಾಟ್ ಅಂದರೆ ಏನು ಅಂತ ನಿಮಗೇ ಗೊತ್ತು: ಕನ್ನಡ ಟೈಪಿಂಗ್‌ನ ನುಡಿ ಮತ್ತೆ ಹಾಕಬೇಕು, ಹಳೇ ಪೇಜ್‌ಮೇಕರ್ ಹಾಕಬೇಕು, ಕೋರೆಲ್ ಹಾಕಬೇಕು, ಎಲ್ಲಿಂದಲೋ ಕೂಡಿಸಿಟ್ಟ ಫಾಂಟ್‌ಗಳನ್ನೆಲ್ಲ ಹುಡುಕಬೇಕು, ಅದರಲ್ಲಿ ಒಂದು ಸಿಗದೇ ಹೋದರೆ ಹೋದ ವರ್ಷದ ಲಗ್ನಪತ್ರಿಕೆ ಫೈಲ್ ತೆರೆದಾಗ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂತಿರುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮ ಮೂರು ತೊಂದರೆಗಳಲ್ಲಿ ಒಂದಂತೂ ಹಾಗೇ ಉಳಿಯುತ್ತದೆ, ಯಾಕೆಂದರೆ ಅದು ವಿಂಡೋಸ್ ಒಳಗೆ ಇಲ್ಲವೇ ಇಲ್ಲ. ಮದರ್‌ಬೋರ್ಡ್‌ನ ಬಯಾಸ್‌ನಲ್ಲಿದೆ, ಅಂದರೆ ವಿಂಡೋಸ್‌ಗೂ ಮುಂಚೆ ಓಡುವ, ಬೋರ್ಡ್‌ನದೇ ಸಣ್ಣ ಪ್ರೋಗ್ರಾಂನಲ್ಲಿ.

ಹೌದು, ಮೂರು ತೊಂದರೆ. ನೀವು ಒಂದೇ ರೋಗ ಅಂತ ಬರೆದಿದ್ದೀರಿ, ಆದರೆ ನೀವು ಕೊಟ್ಟ ವಿವರ ನೋಡಿದರೆ ಬೇರೆ ಬೇರೆ ಮೂರು ಕಾರಣ ಕಾಣುತ್ತವೆ. ರಾತ್ರಿ ಸರಿಯಾಗಿ 2 ಗಂಟೆಗೆ ಏಳುವುದು ಒಂದು. ಕರೆಂಟ್ ಬಂದಾಗ ಏಳುವುದು ಇನ್ನೊಂದು. ಮಧ್ಯಾಹ್ನ ಊಟದ ಹೊತ್ತಿಗೆ ಏಳುವುದು ಮತ್ತೊಂದು. ಎಷ್ಟೋ ಜನ ಎಡವುವುದು ಇಲ್ಲೇ. ಒಂದು ಕಾರಣ ಸರಿಪಡಿಸುತ್ತಾರೆ, ಮಾರನೇ ದಿನ ಬೇರೆ ಕಾರಣಕ್ಕೆ ಕಂಪ್ಯೂಟರ್ ಏಳುತ್ತದೆ, ಮಾಡಿದ್ದು ಉಪಯೋಗಕ್ಕೆ ಬರಲಿಲ್ಲ ಅಂತ ಅದನ್ನೂ ಬಿಟ್ಟುಬಿಡುತ್ತಾರೆ.

ವೈರಸ್, ಹ್ಯಾಕ್ ಭಯವನ್ನು ಬೇಗ ಮುಗಿಸೋಣ. ಡೆಸ್ಕ್‌ಟಾಪ್ ಸ್ಲೀಪ್‌ನಲ್ಲಿದ್ದಾಗ ಪ್ರೊಸೆಸರ್ ನಿಂತಿರುತ್ತದೆ. ತೆರೆದ ಫೈಲ್‌ಗಳನ್ನು ಹಿಡಿದಿಟ್ಟಿರುವ ರ್ಯಾಮ್‌ಗೆ ಮಾತ್ರ ಸ್ವಲ್ಪ ಕರೆಂಟ್ ಹೋಗುತ್ತಿರುತ್ತದೆ, ಜೊತೆಗೆ ಎಬ್ಬಿಸುವ ಅಧಿಕಾರ ಇರುವ ನೆಟ್‌ವರ್ಕ್ ಕಾರ್ಡ್, ಕೀಬೋರ್ಡ್, ಮೌಸ್‌ಗೆ ಒಂಚೂರು. ಒಟ್ಟು ಕೆಲವೇ ವ್ಯಾಟ್. ನಿಂತ ಪ್ರೊಸೆಸರ್ ಮೇಲೆ ಯಾವ ವೈರಸ್ಸೂ ಓಡಲ್ಲ. ಮಲಗುವ ಮುಂಚೆಯೇ ಅಲಾರಂ ಇಟ್ಟುಕೊಂಡರೆ ಏಳಿಸಬಹುದು, ಆದರೆ ಆ ಅಲಾರಂ ವಿಂಡೋಸ್ ಪಟ್ಟಿಯಲ್ಲಿ ಕಾಣುತ್ತದೆ. ಇನ್ನು ಹೊರಗಿನವರು ಇಂಟರ್‌ನೆಟ್‌ನಿಂದ ಎಬ್ಬಿಸುವುದು: ಮಲಗಿರುವ ಕಂಪ್ಯೂಟರನ್ನು ನೆಟ್‌ವರ್ಕ್ ಮೂಲಕ ಎಬ್ಬಿಸಲು ಮ್ಯಾಜಿಕ್ ಪ್ಯಾಕೆಟ್ ಅಂತ ಒಂದು ಇದೆ, ಅದರಲ್ಲಿ ನಿಮ್ಮ ನೆಟ್‌ವರ್ಕ್ ಕಾರ್ಡ್‌ನ ವಿಳಾಸ 16 ಸಲ ಬರೆದಿರಬೇಕು, ಅದು ಮಾಮೂಲಿ ರೌಟರ್ ದಾಟಿ ಹೊರಗಿನಿಂದ ಒಳಗೆ ಬರುವುದಿಲ್ಲ. ಸಮಾಧಾನಕ್ಕೆ ಒಂದು ಪೂರ್ತಿ ಸ್ಕ್ಯಾನ್ ಓಡಿಸಿ, ಬೇಡ ಅನ್ನಲ್ಲ. ಆದರೆ ನನ್ನ ಅನುಮಾನ ಆ ಕಡೆ ಹೋಗುತ್ತಿಲ್ಲ.

ಈಗ ಕೆಲಸಕ್ಕೆ ಬರೋಣ. ಯಾರು ಎಬ್ಬಿಸಿದರು ಅಂತ ಕಂಪ್ಯೂಟರನ್ನೇ ಕೇಳಬಹುದು, ಅದು ಲೆಕ್ಕ ಇಟ್ಟಿರುತ್ತದೆ. ಮುಂಜಾನೆ ಬಂದು ಆನ್ ಆಗಿರುವುದು ಕಂಡರೆ ಬೇರೆ ಏನೂ ಮುಟ್ಟಬೇಡಿ. ಸ್ಟಾರ್ಟ್ ಒತ್ತಿ ಇವೆಂಟ್ ವ್ಯೂವರ್ ಅಂತ ಟೈಪ್ ಮಾಡಿ ತೆರೆಯಿರಿ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಉದ್ದನೆಯ ಪಟ್ಟಿ ಬರುತ್ತದೆ. ಕೆಂಪು, ಹಳದಿ ಗುರುತು ನೋಡಿ ಗಾಬರಿ ಆಗಬೇಡಿ, ಚೆನ್ನಾಗಿ ನಡೆಯುವ ಕಂಪ್ಯೂಟರ್‌ನಲ್ಲೂ ಅವು ಇದ್ದೇ ಇರುತ್ತವೆ. ನಮಗೆ ಬೇಕಾಗಿರುವುದು ಸೋರ್ಸ್ ಕಾಲಂನಲ್ಲಿ ಪವರ್ ಟ್ರಬಲ್‌ಶೂಟರ್ ಅಂತ ಇರುವ ಸಾಲು, ಅದರ ಇವೆಂಟ್ ನಂಬರ್ 1. ಅದರ ಮೇಲೆ ಒತ್ತಿದರೆ ಕೆಳಗೆ ಮೂರು ವಿಷಯ ಸಿಗುತ್ತವೆ: ಸ್ಲೀಪ್ ಟೈಮ್, ವೇಕ್ ಟೈಮ್, ವೇಕ್ ಸೋರ್ಸ್.

ಇಲ್ಲಿ ಒಂದು ವಿಷಯ ಗಮನಿಸಿ. ಮೇಲಿನ ಪಟ್ಟಿಯಲ್ಲಿ ಕಾಣುವ ಸಮಯ ನಮ್ಮ ಗಡಿಯಾರದ್ದು, ಸರಿ ಇದೆ. ಆದರೆ ಕೆಳಗೆ ಒಳಗಡೆ ಬರೆದಿರುವ ಸ್ಲೀಪ್ ಟೈಮ್, ವೇಕ್ ಟೈಮ್‌ಗಳ ಕೊನೆಗೆ ಜಡ್ ಅಂತ ಒಂದು ಅಕ್ಷರ ಇರುತ್ತದೆ. ಅಂದರೆ ಅದು ಅಂತರರಾಷ್ಟ್ರೀಯ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ವೇಕ್ ಟೈಮ್ 20:30 ಅಂತ ಇದ್ದರೆ ರಾತ್ರಿ ಎಂಟೂವರೆಗೆ ಎದ್ದಿದೆ, ಆಗ ನಾನೇ ಅಂಗಡಿಯಲ್ಲಿದ್ದೆನಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕೆ ಐದೂವರೆ ಕೂಡಿಸಿ. ನಡುರಾತ್ರಿ 2 ಗಂಟೆ! ನಿಮ್ಮ ಸಿಸಿಟಿವಿ ತೋರಿಸಿದ ಸಮಯವೇ ಅದು.

ಇನ್ನೊಂದು ದಾರಿ ಕಮಾಂಡ್ ಪ್ರಾಂಪ್ಟ್. ಸ್ಟಾರ್ಟ್‌ನಲ್ಲಿ ಸಿಎಂಡಿ ಅಂತ ಹುಡುಕಿ, ಬಲಗಡೆ ಕ್ಲಿಕ್ ಮಾಡಿ ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಡಿ. ಕಪ್ಪು ಪರದೆ ಬಂದ ಮೇಲೆ ಪವರ್ ಅನ್ನುವುದಕ್ಕೆ ಅಂಟಿಸಿ ಸಿ, ಎಫ್, ಜಿ ಬರೆಯಿರಿ, ಒಂದು ಜಾಗ ಬಿಟ್ಟು ಸ್ಲ್ಯಾಶ್ ಹಾಕಿ, ಅದಕ್ಕೆ ಹತ್ತಿಸಿ ಲಾಸ್ಟ್‌ವೇಕ್ ಅಂತ ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ, ಸಣ್ಣ ಅಕ್ಷರ ಸಾಕು. ಕೊನೆಯ ಸಲ ಯಾರು ಎಬ್ಬಿಸಿದರು ಅಂತ ಅದು ಹೇಳುತ್ತದೆ. ಕೊನೆಯ ಸಲದ್ದು ಮಾತ್ರ, ಹಾಗಾಗಿ ಮತ್ತೆ ಸ್ಲೀಪ್‌ಗೆ ಹಾಕುವ ಮುಂಚೆ ಕೇಳಬೇಕು. ಇದೇ ಪವರ್‌ಸಿಎಫ್‌ಜಿಗೆ ಸ್ಲ್ಯಾಶ್ ವೇಕ್‌ಟೈಮರ್ಸ್ ಅಂತ ಕೊಟ್ಟರೆ ಮುಂದೆ ಯಾವ ಅಲಾರಂ ಕಾದು ಕೂತಿದೆ ಅಂತ ಪಟ್ಟಿ ಬರುತ್ತದೆ. ವೈರಸ್ ಇಟ್ಟ ಅಲಾರಂ ಇದ್ದರೂ ಇಲ್ಲೇ ಕಾಣಬೇಕು.

ಉತ್ತರ ಓದುವುದು ಹೇಗೆ? ಟೈಮರ್ ಅಂತ ಬಂದರೆ ವಿಂಡೋಸ್‌ನದೇ ಯಾವುದೋ ನಿಗದಿ ಕೆಲಸ. ನೆಟ್‌ವರ್ಕ್ ಕಾರ್ಡ್ ಹೆಸರು ಬಂದರೆ, ಉದಾಹರಣೆಗೆ ರಿಯಲ್‌ಟೆಕ್ ಅಂತ ಶುರುವಾಗುವ ಉದ್ದ ಹೆಸರು, ವಯರ್ ಆಚೆ ಇರುವ ಯಾರೋ. ಯುಎಸ್‌ಬಿ ಹೋಸ್ಟ್ ಕಂಟ್ರೋಲರ್ ಅಂತ ಬಂದರೆ ಮೌಸ್ ಅಥವಾ ಕೀಬೋರ್ಡ್, ಯಾಕೆಂದರೆ ವಿಂಡೋಸ್ ಎಷ್ಟೋ ಸಲ ಮೌಸ್ ಹೆಸರು ಹೇಳದೆ ಅದು ಸಿಕ್ಕಿಸಿಕೊಂಡಿರುವ ಪೋರ್ಟ್ ಕಡೆ ಮಾತ್ರ ಕೈ ತೋರಿಸುತ್ತದೆ. ಅನ್‌ನೋನ್ ಅಂತ ಬಂದರೆ ಬಹಳ ಜನ ಬೇಜಾರಾಗಿ ಎದ್ದು ಹೋಗುತ್ತಾರೆ. ಹೋಗಬೇಡಿ, ಅನ್‌ನೋನ್ ಕೂಡ ಒಂದು ಸುಳಿವೇ. ಅದರ ಹಿಂದೆ ಕರೆಂಟ್ ಇರಬಹುದು. ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮ ಕಡೆ ಇದೇ ಜಾಸ್ತಿ, ಇದನ್ನು ಹಿಡಿಯುವವರೇ ಕಡಿಮೆ.

ನಿಮ್ಮ ಕಂಪ್ಯೂಟರ್ ಸ್ಲೀಪ್‌ನಲ್ಲಿದೆ, ಕರೆಂಟ್ ಹೋಯಿತು ಅಂದುಕೊಳ್ಳಿ. ರ್ಯಾಮ್‌ಗೆ ಹೋಗುತ್ತಿದ್ದ ಅಷ್ಟೂ ಕರೆಂಟ್ ನಿಂತಿತು. ಹಾಗಾದರೆ ತೆರೆದಿದ್ದ ಫೈಲ್‌ಗಳೆಲ್ಲ ಹೋಗಬೇಕಿತ್ತು, ಆದರೆ ಎದ್ದಾಗ ಎಲ್ಲ ಕಿಟಕಿಗಳೂ ಇದ್ದ ಹಾಗೇ ಇರುತ್ತವೆ, ಅಂದಮೇಲೆ ಇದು ಸ್ಲೀಪ್‌ನಿಂದ ಎದ್ದಿದ್ದೇ ಇರಬೇಕು ಅಂತ ನೀವು ತಿಳಿಯುತ್ತೀರಿ. ಅಲ್ವಾ? ಅಲ್ಲೇ ಇರುವುದು ಮೋಸ. ಡೆಸ್ಕ್‌ಟಾಪ್‌ಗಳಲ್ಲಿ ಹೈಬ್ರಿಡ್ ಸ್ಲೀಪ್ ಅಂತ ಒಂದು ಸಾಮಾನ್ಯವಾಗಿ ಆನ್ ಇರುತ್ತದೆ. ಮಲಗುವ ಮುಂಚೆ ವಿಂಡೋಸ್ ರ್ಯಾಮ್‌ನಲ್ಲಿರುವುದನ್ನು ಡಿಸ್ಕ್‌ಗೂ ಒಂದು ಪ್ರತಿ ಬರೆದಿಡುತ್ತದೆ. ಕರೆಂಟ್ ಹೋಗದಿದ್ದರೆ ರ್ಯಾಮ್‌ನಿಂದ ಚಕ್ಕನೆ ಏಳುತ್ತದೆ. ಹೋದರೆ, ಮುಂದೆ ಆನ್ ಆದಾಗ ಡಿಸ್ಕ್‌ನಲ್ಲಿಟ್ಟ ಪ್ರತಿಯಿಂದ ಎಲ್ಲವನ್ನೂ ಮತ್ತೆ ಎತ್ತಿಕೊಳ್ಳುತ್ತದೆ. ನಿಮ್ಮ ಕಣ್ಣಿಗೆ ಎರಡೂ ಒಂದೇ.

ಆದರೆ ಕರೆಂಟ್ ಬಂದ ಮೇಲೆ ಗುಂಡಿ ಒತ್ತದೆ ಆನ್ ಆಗಿದ್ದು ಹೇಗೆ? ಬಯಾಸ್‌ನಲ್ಲಿ ಒಂದು ಆಯ್ಕೆ ಇರುತ್ತದೆ, ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು ಅಂತ. ಕಂಪನಿಗೊಂದು ಹೆಸರು: ರಿಸ್ಟೋರ್ ಎಸಿ ಪವರ್ ಲಾಸ್, ಎಸಿ ಬ್ಯಾಕ್, ಆಫ್ಟರ್ ಪವರ್ ಫೇಲ್ಯೂರ್. ಆಯ್ಕೆ ಮಾತ್ರ ಎಲ್ಲ ಕಡೆ ಸುಮಾರು ಒಂದೇ, ಆಫ್ ಇರಲಿ, ಆನ್ ಆಗಲಿ, ಇಲ್ಲವೇ ಮೊದಲು ಹೇಗಿತ್ತೋ ಹಾಗೆ ಆಗಲಿ. ಈ ಮೂರನೆಯದೇ ಕಾಟ ಕೊಡುವುದು. ಸ್ಲೀಪ್‌ನಲ್ಲಿದ್ದ ಕಂಪ್ಯೂಟರನ್ನು ಬೋರ್ಡ್ ಆನ್ ಇತ್ತು ಅಂತಲೇ ಲೆಕ್ಕ ಹಿಡಿಯಬಹುದು, ಹಿಡಿದರೆ ಕರೆಂಟ್ ಬಂದ ಕೂಡಲೇ ಎದ್ದು ನಿಲ್ಲುತ್ತದೆ. ಸರ್ವರ್ ಇಟ್ಟವರಿಗೆ ಈ ಆಯ್ಕೆ ಬೇಕು. ಲಗ್ನಪತ್ರಿಕೆ ಮಾಡುವವರಿಗೆ ಬೇಡ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಎಲ್ಲ ಫೈಲ್ ಸೇವ್ ಮಾಡಿ, ಮುಚ್ಚಿ. ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ. ಯುಪಿಎಸ್ ಗುಂಡಿಯನ್ನೇ ಆಫ್ ಮಾಡಿ, ಗೋಡೆಯ ಸ್ವಿಚ್ಚನ್ನೂ ಆಫ್ ಮಾಡಿ. ಒಂದೆರಡು ನಿಮಿಷ ಬಿಟ್ಟು ಎರಡನ್ನೂ ಆನ್ ಮಾಡಿ, ಸಿಪಿಯು ಗುಂಡಿ ಮುಟ್ಟದೆ ಸುಮ್ನೆ ನಿಂತು ನೋಡಿ. ತಾನಾಗೇ ಎದ್ದರೆ, ಶುರುವಿನಲ್ಲಿ ಬೋರ್ಡ್ ಕಂಪನಿಯ ಚಿತ್ರ ಕಂಡರೆ, ಕಳ್ಳ ಸಿಕ್ಕ ಅಂತಲೇ ಲೆಕ್ಕ. ನಿಜವಾದ ಸ್ಲೀಪ್‌ನಿಂದ ಎದ್ದಾಗ ಆ ಚಿತ್ರ ಬರಲ್ಲ. ಆಮೇಲೆ ರೀಸ್ಟಾರ್ಟ್ ಮಾಡಿ, ಶುರುವಿನಲ್ಲೇ ಡಿಲೀಟ್ ಅಥವಾ ಎಫ್ 2 ಒತ್ತಿ ಬಯಾಸ್‌ಗೆ ಹೋಗಿ, ಪವರ್ ಅಂತ ಇರುವ ಕಡೆ ಹುಡುಕಿ ಪವರ್ ಆಫ್ ಅಂತ ಇಟ್ಟು ಸೇವ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಬೇಡಿ, ರೀಸ್ಟಾರ್ಟ್ ಕೊಡಿ. ವಿಂಡೋಸ್ 8 ಬಂದಾಗಿನಿಂದ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಅನ್ನುವುದು ಅರ್ಧ ಹೈಬರ್ನೇಟ್ (ಇದ್ದ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ನಿಲ್ಲುವುದು) ಇದ್ದ ಹಾಗೆ, ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ ಮಾತ್ರ.

ಬಯಾಸ್‌ಗೆ ಹೋದಾಗ ತಾರೀಖು, ಸಮಯ ಸರಿ ಇದೆಯಾ ನೋಡಿ. ತಪ್ಪಿದ್ದರೆ ಬೋರ್ಡ್ ಮೇಲಿನ ಗುಂಡನೆಯ ಸೆಲ್ ಮುಗಿದಿದೆ, ಸಿಆರ್ 2032 ಅಂತ ಅದರ ಮೇಲೇ ಬರೆದಿರುತ್ತದೆ, 3 ವೋಲ್ಟ್‌ನದು, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅದು ಸತ್ತಿದ್ದರೆ ನೀವು ಮಾಡಿದ ಬದಲಾವಣೆ ಮುಂದಿನ ಸಲ ಕರೆಂಟ್ ಪೂರ್ತಿ ಹೋದಾಗ ಅಳಿಸಿ ಹೋಗುತ್ತದೆ, ನೀವು ಮತ್ತೆ ನನಗೆ ಬರೆಯುತ್ತೀರಿ.

ಯುಪಿಎಸ್ ಇದೆಯಲ್ಲ ಅಂದಿರಿ. ಇದೆ, ಆದರೆ ಅದರ ಬ್ಯಾಟರಿ ಯಾವ ವರ್ಷದ್ದು? ಅಂಗಡಿಗಳಲ್ಲಿ ಇರುವ ಸಣ್ಣ ಯುಪಿಎಸ್ ಒಳಗೆ ಹೆಚ್ಚಾಗಿ 12 ವೋಲ್ಟ್, 7 ಆಂಪಿಯರ್ ಅವರ್‌ನ ಒಂದೇ ಬ್ಯಾಟರಿ. ಹಳೆಯದಾದ ಮೇಲೆ ಹಸಿರು ಲೈಟ್ ಉರಿಯುತ್ತದೆ, ಬೀಪ್ ಅನ್ನುತ್ತದೆ, ಕರೆಂಟ್ ಹೋದ ಕ್ಷಣದಲ್ಲಿ ಮಾತ್ರ ಕೈ ಬಿಡುತ್ತದೆ. ಇನ್ನು ಕೆಲವು ಯುಪಿಎಸ್‌ಗಳಿಗೆ ಲೋಡ್ ತೀರಾ ಕಡಿಮೆ ಇದ್ದರೆ ಯಾರೂ ಬಳಸುತ್ತಿಲ್ಲ ಅಂತ ತಾವೇ ಆಫ್ ಆಗುವ ಗುಣ ಇರುತ್ತದೆ, ಮಲಗಿರುವ ಕಂಪ್ಯೂಟರ್ ಎಳೆಯುವುದು ಕೆಲವೇ ವ್ಯಾಟ್, ಹಾಗಾಗಿ ರಾತ್ರಿ ಕರೆಂಟ್ ಹೋದಾಗ ಬ್ಯಾಟರಿ ಚೆನ್ನಾಗಿದ್ದರೂ ಅದು ಕೈಕಟ್ಟಿ ಕೂರುತ್ತದೆ. ಹಗಲು ಕೆಲಸ ಮಾಡುವಾಗ ಯುಪಿಎಸ್ ಸರಿಯಾಗಿ ಹಿಡಿಯಿತು ಅಂದರೆ ರಾತ್ರಿಯೂ ಹಿಡಿಯುತ್ತದೆ ಅಂತ ಅರ್ಥ ಅಲ್ಲ.

ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅನ್ನುವ ಸಾಲು ಕಂಡರೆ, ಇಲ್ಲವೇ 6008 ನಂಬರಿನದು ಕಂಡರೆ, ಕಂಪ್ಯೂಟರ್ ಸರಿಯಾಗಿ ಮುಚ್ಚದೆ ನಿಂತುಹೋಗಿತ್ತು ಅಂತ ಅರ್ಥ. ಹೈಬ್ರಿಡ್ ಸ್ಲೀಪ್ ಆಫ್ ಇರುವ ಯಂತ್ರದಲ್ಲಿ ಮಲಗಿದ್ದಾಗ ಕರೆಂಟ್ ಹೋದರೆ ಇದು ಬರುತ್ತದೆ, ತೆರೆದಿದ್ದ ಫೈಲ್‌ಗಳೂ ಹೋಗಿರುತ್ತವೆ.

ಈಗ ರಾತ್ರಿ 2 ಗಂಟೆಯದು. ಇದು ಸುಲಭದ್ದು. ವಿಂಡೋಸ್‌ಗೆ ಆಟೊಮ್ಯಾಟಿಕ್ ಮೇಂಟೆನೆನ್ಸ್ ಅಂತ ಒಂದು ದಿನಚರಿ ಇದೆ, ಯಾರೂ ಬದಲಿಸದಿದ್ದರೆ ಅದರ ಸಮಯ ರಾತ್ರಿ 2. ಅಪ್‌ಡೇಟ್ ಹುಡುಕುವುದು, ಡಿಸ್ಕ್ ಸ್ವಚ್ಛ ಮಾಡುವುದು, ಸ್ಕ್ಯಾನ್ ಇಂಥವೆಲ್ಲ ಆಗ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೆಕ್ಯುರಿಟಿ ಆಂಡ್ ಮೇಂಟೆನೆನ್ಸ್ ತೆರೆದು, ಮೇಂಟೆನೆನ್ಸ್ ಅನ್ನುವುದನ್ನು ಬಿಡಿಸಿ, ಚೇಂಜ್ ಮೇಂಟೆನೆನ್ಸ್ ಸೆಟ್ಟಿಂಗ್ಸ್‌ಗೆ ಹೋದರೆ ನಿಗದಿ ಸಮಯಕ್ಕೆ ಕಂಪ್ಯೂಟರನ್ನು ಎಬ್ಬಿಸಲು ಬಿಡಿ ಅನ್ನುವ ಅರ್ಥದ ಒಂದು ಟಿಕ್ ಇರುತ್ತದೆ. ತೆಗೆಯಿರಿ. ಸಮಯವನ್ನು ಮಧ್ಯಾಹ್ನಕ್ಕೆ ಹಾಕಿ, ಊಟಕ್ಕೆ ಹೋಗುವಾಗ ಆನ್ ಬಿಟ್ಟು ಹೋದರೆ ಅದರ ಕೆಲಸವೂ ಆಗುತ್ತದೆ.

ಅದಕ್ಕಿಂತ ಗಟ್ಟಿ ಉಪಾಯ ಪವರ್ ಆಪ್ಷನ್ಸ್‌ನಲ್ಲಿದೆ. ನಿಮ್ಮ ಪ್ಲಾನ್ ಪಕ್ಕದ ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಅಲ್ಲಿಂದ ಅಡ್ವಾನ್ಸ್ಡ್, ಅದರಲ್ಲಿ ಸ್ಲೀಪ್ ಕೆಳಗೆ ಅಲೋ ವೇಕ್ ಟೈಮರ್ಸ್. ಇಂಪಾರ್ಟೆಂಟ್ ವೇಕ್ ಟೈಮರ್ಸ್ ಓನ್ಲಿ ಅಂತ ಒಂದು ನಡುವಿನ ಆಯ್ಕೆ ಇದೆ, ಅದು ಕೇಳಲು ಚೆಂದ, ಆದರೆ ದೊಡ್ಡ ಅಪ್‌ಡೇಟ್ ಆದ ಮೇಲಿನ ರೀಸ್ಟಾರ್ಟ್‌ಗೆ ಎಬ್ಬಿಸುವ ದಾರಿ ಅದರಲ್ಲಿ ತೆರೆದೇ ಇರುತ್ತದೆ. ನೀವು ಡಿಸೇಬಲ್ ಇಡಿ. ಆದರೆ ಅಪ್‌ಡೇಟ್ ಸರ್ವಿಸ್ಸನ್ನೇ ಬಂದ್ ಮಾಡಿಕೊಳ್ಳಬೇಡಿ, ಕೆಲವರು ಅದನ್ನೂ ಮಾಡಿಬಿಡುತ್ತಾರೆ. ಎಬ್ಬಿಸಬೇಡ ಅನ್ನುವುದು ಬೇರೆ, ಅಪ್‌ಡೇಟ್ ಬೇಡ ಅನ್ನುವುದು ಬೇರೆ. ಅಂದಹಾಗೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಗಿರಾಕಿಗಳು ಕೊಡುವ ಪೆನ್‌ಡ್ರೈವ್ ದಿನಾ ಚುಚ್ಚುವ ಕಂಪ್ಯೂಟರ್ ನಿಮ್ಮದು, ಹಾಗಾಗಿ ಇದರ ಬಗ್ಗೆ ಬೇರೆಯಾಗಿ ಯೋಚಿಸಲೇಬೇಕು. ಈ ಏಳುವ ತೊಂದರೆಗೂ ಅದಕ್ಕೂ ಸಂಬಂಧ ಇಲ್ಲ.

ಇಲ್ಲಿ ಬಹಳ ಜನ ಕೇಳದ ಇನ್ನೊಂದು ಪ್ರಶ್ನೆ ಇದೆ. ರಾತ್ರಿ 2ಕ್ಕೆ ಎದ್ದ ಕಂಪ್ಯೂಟರ್ ಮುಂಜಾನೆ ತನಕ ಯಾಕೆ ಎದ್ದೇ ಇತ್ತು? ಟೈಮರ್‌ನಿಂದ ಎದ್ದು, ಯಾರೂ ಕೀಲಿ ಮುಟ್ಟದಿದ್ದರೆ, ವಿಂಡೋಸ್ ಕೆಲಸ ಮುಗಿಸಿ ಸುಮಾರು 2 ನಿಮಿಷದಲ್ಲಿ ಮತ್ತೆ ಮಲಗಬೇಕು. ಅದಕ್ಕೆ ಬೇರೆಯದೇ ಗಡುವು ಇದೆ, ನೀವು ಸೆಟ್ಟಿಂಗ್‌ನಲ್ಲಿ ಇಟ್ಟಿರುವ ಅರ್ಧ ಗಂಟೆ, ಒಂದು ಗಂಟೆ ಅದಕ್ಕೆ ಲೆಕ್ಕಕ್ಕಿಲ್ಲ. ಮುಂಜಾನೆ ತನಕ ಎದ್ದಿತ್ತು ಅಂದರೆ ಯಾರೋ ಮಲಗಲು ಬಿಟ್ಟಿಲ್ಲ. ಅದನ್ನೂ ಕೇಳಬಹುದು: ಪವರ್‌ಸಿಎಫ್‌ಜಿ, ಜಾಗ, ಸ್ಲ್ಯಾಶ್ ರಿಕ್ವೆಸ್ಟ್ಸ್. ಎಲ್ಲ ಕಡೆ ನನ್, ಅಂದರೆ ಯಾವುದೂ ಇಲ್ಲ, ಅಂತ ಇಂಗ್ಲಿಷ್‌ನಲ್ಲಿ ಬಂದರೆ ಈ ಕ್ಷಣ ತಡೆಯುವವರು ಯಾರೂ ಇಲ್ಲ. ಡ್ರೈವರ್ ಅಂತ ಇರುವ ಕಡೆ ಎಸ್‌ಆರ್‌ವಿನೆಟ್ ಅನ್ನುವ ಹೆಸರು ಕಂಡರೆ, ಇನ್ನೊಂದು ಕಂಪ್ಯೂಟರ್ ನಿಮ್ಮ ಶೇರ್ ಮಾಡಿದ ಫೋಲ್ಡರನ್ನು ಹಿಡಿದುಕೊಂಡು ಕೂತಿದೆ ಅಂತ ಅರ್ಥ. ನಿಮ್ಮ ಬಿಲ್ಲಿಂಗ್ ಕಂಪ್ಯೂಟರ್ ರಾತ್ರಿಯೂ ಆನ್ ಇರುತ್ತದಾ? ಅದರಲ್ಲಿ ಡಿಸೈನ್ ಫೋಲ್ಡರ್ ತೆರೆದೇ ಇರುತ್ತದಾ? ನನಗೆ ಅದರ ಮೇಲೇ ಅನುಮಾನ. ಅದನ್ನು ರಾತ್ರಿ ಆಫ್ ಮಾಡಿಸಿ, ಅರ್ಧ ಕಥೆ ಮುಗಿಯುತ್ತದೆ.

ಅದೇ ಕಂಪ್ಯೂಟರ್ ಮಲಗಿದ್ದನ್ನು ಎಬ್ಬಿಸಲೂ ಬಹುದು. ನೆಟ್‌ವರ್ಕ್ ಕಾರ್ಡ್‌ಗೆ ಎರಡು ಥರ ಎಬ್ಬಿಸುವ ಅಭ್ಯಾಸ ಇದೆ. ಮ್ಯಾಜಿಕ್ ಪ್ಯಾಕೆಟ್ ಬಂದರೆ ಮಾತ್ರ ಏಳುವುದು ಒಂದು. ಪ್ಯಾಟರ್ನ್ ಮ್ಯಾಚ್ ಅಂತ ಇನ್ನೊಂದು, ಇದರಲ್ಲಿ ತನ್ನನ್ನು ಕೇಳುತ್ತಿದ್ದಾರೆ ಅನ್ನಿಸುವ ಮಾಮೂಲಿ ಮಾತಿಗೂ ಏಳುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡ್‌ನ ಪ್ರಾಪರ್ಟೀಸ್‌ಗೆ ಹೋಗಿ, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ ಅಲೋ ದಿಸ್ ಡಿವೈಸ್ ಟು ವೇಕ್ ದ ಕಂಪ್ಯೂಟರ್ ಅನ್ನುವ ಟಿಕ್ ತೆಗೆಯಿರಿ. ಆದರೆ ಪ್ರಿಂಟರ್ ಈ ಡಿಸೈನ್ ಕಂಪ್ಯೂಟರ್‌ಗೆ ಕಟ್ಟಿದ್ದು, ಬಿಲ್ಲಿಂಗ್‌ನವರು ಅದರ ಮೂಲಕವೇ ಪ್ರಿಂಟ್ ಕೊಡುತ್ತಿದ್ದರೆ ಸ್ವಲ್ಪ ತಡೆಯಿರಿ. ಟಿಕ್ ತೆಗೆದ ಮೇಲೆ ಇದು ಮಲಗಿದ್ದಾಗ ಅವರಿಗೆ ಪ್ರಿಂಟ್ ಹೋಗಲ್ಲ, ಬೈಗುಳ ನಿಮಗೆ ಬರುತ್ತದೆ. ಪ್ರಿಂಟರನ್ನೇ ನೇರವಾಗಿ ರೌಟರ್‌ಗೆ ಹಾಕಲು ಆಗುವುದಾದರೆ ಅದೇ ಒಳ್ಳೆಯದು. ನೆಟ್‌ವರ್ಕ್ ಡ್ರೈವರ್ ಹೊಸದಾದಾಗ ಈ ಟಿಕ್ ಮತ್ತೆ ಬಂದು ಕೂತಿರಬಹುದು, ಅದೊಂದು ನೆನಪಿರಲಿ.

ಇನ್ನು ಮಧ್ಯಾಹ್ನದ್ದು. ನೀವು ಊಟಕ್ಕೆ ಹೋದಾಗ ಪ್ರೆಸ್‌ನಲ್ಲಿ ಹುಡುಗರು ಇರುತ್ತಾರಲ್ಲ, ಕಟಿಂಗ್ ಮಷೀನ್ ನಡೆಯುತ್ತಿರುತ್ತದಾ? ನಾನು ಕೇಳುವ ಕಾರಣ ಇಷ್ಟೇ: ಆಪ್ಟಿಕಲ್ ಮೌಸ್ ತನ್ನ ಕೆಳಗಿನ ಮೇಜಿನ ಸಣ್ಣ ಸಣ್ಣ ಫೋಟೋ ತೆಗೆಯುತ್ತಾ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ನೋಡಿ ತಾನು ಜರುಗಿದೆ ಅಂತ ತಿಳಿಯುತ್ತದೆ. ಗಾಜಿನ ಮೇಜು, ಹೊಳೆಯುವ ಸನ್‌ಮೈಕಾ ಮೇಲೆ ಅದಕ್ಕೆ ಸರಿಯಾಗಿ ಕಾಣಲ್ಲ. ಕಟಿಂಗ್ ಮಷೀನ್ ಬ್ಲೇಡ್ ಕೆಳಗಿಳಿದಾಗ ಕಾಗದದ ಕಟ್ಟಿನ ಮೇಲೆ ಧಡ್ ಅಂತ ಬೀಳುತ್ತದೆ, ನೆಲ ಅದುರುತ್ತದೆ, ಮೇಜು ಅದುರುತ್ತದೆ, ಮೇಜಿನ ಮೇಲೆ ಮೌಸ್ ಒಂದು ಕೂದಲೆಳೆ ಜರುಗುತ್ತದೆ. ಅಷ್ಟು ಸಾಕು ಕಂಪ್ಯೂಟರ್ ಏಳಲು. ಹುಬ್ಬಳ್ಳಿಯಲ್ಲಿ ರೈಲು ಹಳಿ ಪಕ್ಕದ ಮನೆಯವರಿಗೂ ಇದೇ ಕಾಟ, ಗೂಡ್ಸ್ ಗಾಡಿ ಹೋದಾಗಲೆಲ್ಲ ಮಾನಿಟರ್ ಬೆಳಗುತ್ತದೆ. ಇನ್ನೊಂದು ಸಾಧ್ಯತೆ ಅರ್ಥಿಂಗ್: ಅದು ಸರಿ ಇಲ್ಲದ ಕಡೆ ದೊಡ್ಡ ಮೋಟರ್ ಚಾಲೂ ಆದ ಕ್ಷಣ ಯುಎಸ್‌ಬಿಯಲ್ಲಿದ್ದ ಸಾಧನ ಒಮ್ಮೆ ತಪ್ಪಿ ಮತ್ತೆ ಸೇರಿಕೊಳ್ಳಬಹುದು, ಅದೂ ಎಬ್ಬಿಸುತ್ತದೆ. ಸಿಪಿಯು ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಸ್ಲೀಪ್ ವಿಷಯ ಆಮೇಲೆ ನೋಡಿಕೊಳ್ಳೋಣ.

ಪರೀಕ್ಷೆ ಹೀಗೆ: ಕಂಪ್ಯೂಟರನ್ನು ಮಲಗಿಸಿ, ಕಟಿಂಗ್ ನಡೆಸಲು ಹೇಳಿ. ಎದ್ದರೆ, ಮೌಸ್ ವಯರ್ ಕಿತ್ತು ಮತ್ತೆ ಮಲಗಿಸಿ, ಮತ್ತೆ ಕಟಿಂಗ್. ಈ ಸಲ ಏಳದಿದ್ದರೆ ಮೌಸ್ ಅಂತ ಖಾತ್ರಿ. ಮೌಸ್ ಕಿತ್ತ ಮೇಲೂ ಎದ್ದರೆ ಅರ್ಥಿಂಗ್ ಕಡೆ ನೋಡಿ. ಮೌಸನ್ನು ತಲೆಕೆಳಗು ಮಾಡಿ ಇಡಿ ಅಂತ ಕೆಲವರು ಹೇಳುತ್ತಾರೆ, ಅದು ನಂಬಿಕೆಗೆ ಅಲ್ಲ, ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ ಅದನ್ನೇ ಜರುಗಾಟ ಅಂತ ತಿಳಿಯಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಮೈಸ್ ಆಂಡ್ ಅದರ್ ಪಾಯಿಂಟಿಂಗ್ ಡಿವೈಸಸ್ ಕೆಳಗೆ ನಿಮ್ಮ ಮೌಸ್‌ಗೂ ಅದೇ ಎಬ್ಬಿಸುವ ಟಿಕ್ ಇದೆ, ತೆಗೆಯಿರಿ. ಒಂದಕ್ಕಿಂತ ಜಾಸ್ತಿ ಮೌಸ್ ಹೆಸರು ಕಂಡರೆ ಎಲ್ಲದರಲ್ಲೂ ತೆಗೆಯಿರಿ, ಕೆಲವು ಕೀಬೋರ್ಡ್‌ಗಳು ತಮ್ಮನ್ನು ಮೌಸ್ ಅಂತಲೂ ಬರೆಸಿಕೊಂಡಿರುತ್ತವೆ. ಕೀಬೋರ್ಡ್‌ನ ಟಿಕ್ ಬಿಡಿ, ಎಬ್ಬಿಸಲು ನಿಮಗೊಂದು ಕೀಲಿ ಬೇಕಲ್ಲ. ಯಾರಿಗೆಲ್ಲ ಎಬ್ಬಿಸುವ ಅಧಿಕಾರ ಉಳಿದಿದೆ ಅಂತ ಒಟ್ಟಿಗೆ ನೋಡಲು ಪವರ್‌ಸಿಎಫ್‌ಜಿ, ಸ್ಲ್ಯಾಶ್ ಡಿವೈಸ್‌ಕ್ವೆರಿ, ಜಾಗ, ವೇಕ್ ಅಂಡರ್‌ಸ್ಕೋರ್ ಆರ್ಮ್ಡ್. ಪಟ್ಟಿಯಲ್ಲಿ ಕೀಬೋರ್ಡ್ ಒಂದೇ ಕಂಡರೆ ನನಗೆ ಸಮಾಧಾನ.

ಒಂದು ಮಾತು, ಇದೆಲ್ಲವನ್ನೂ ಒಂದೇ ಸಂಜೆ ಬದಲಿಸಿಬಿಡಬೇಡಿ. ಒಂದು ಬದಲಿಸಿ, ಎರಡು ಮೂರು ರಾತ್ರಿ ನೋಡಿ, ಇವೆಂಟ್ ವ್ಯೂವರ್ ತೆರೆದು ವೇಕ್ ಸೋರ್ಸ್ ಓದಿ, ಆಮೇಲೆ ಮುಂದಿನದು. ಮೊದಲು ಬಯಾಸ್, ಆಮೇಲೆ ಟೈಮರ್, ಆಮೇಲೆ ನೆಟ್‌ವರ್ಕ್, ಮೌಸ್.

ನನ್ನನ್ನು ಕೇಳಿದರೆ ರಾತ್ರಿ ಹೊತ್ತು ಸ್ಲೀಪ್ ಬದಲು ಹೈಬರ್ನೇಟ್ ಮಾಡಿ. ಫೈಲ್‌ಗಳೆಲ್ಲ ತೆರೆದಿದ್ದ ಹಾಗೇ ಸಿಗುತ್ತವೆ, ಡಿಸ್ಕ್‌ಗೆ ಬರೆದು ಕಂಪ್ಯೂಟರ್ ಪೂರ್ತಿ ನಿಲ್ಲುತ್ತದೆ, ಕರೆಂಟ್ ಹೋದರೂ ಚಿಂತೆ ಇಲ್ಲ, ಮೌಸ್ ಅಲ್ಲಾಡಿದರೂ ಸಾಮಾನ್ಯವಾಗಿ ಏಳಲ್ಲ. ಏಳಲು ಸ್ಲೀಪ್‌ಗಿಂತ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಎಸ್‌ಎಸ್‌ಡಿ ಇದ್ದರೆ ಅದೂ ಗೊತ್ತಾಗಲ್ಲ. ಮೆನುವಿನಲ್ಲಿ ಹೈಬರ್ನೇಟ್ ಕಾಣುತ್ತಿಲ್ಲ ಅಂದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಚೂಸ್ ವಾಟ್ ದ ಪವರ್ ಬಟನ್ಸ್ ಡು ಅನ್ನುವಲ್ಲಿ ಅದಕ್ಕೆ ಟಿಕ್ ಹಾಕಬೇಕು. ಡಿಸ್ಕ್‌ನಲ್ಲಿ ಕೆಲವು ಜಿಬಿ ಜಾಗ ತಿನ್ನುತ್ತದೆ. ಆದರೆ ಬಯಾಸ್‌ನ ಆ ಆಯ್ಕೆ ಆನ್ ಆಗಲಿ ಅಂತ ಉಳಿದಿದ್ದರೆ ಹೈಬರ್ನೇಟ್ ಆದ ಕಂಪ್ಯೂಟರನ್ನೂ ಕರೆಂಟ್ ಎಬ್ಬಿಸುತ್ತದೆ, ಅದಕ್ಕೇ ಬಯಾಸ್ ಮೊದಲು ಅಂದಿದ್ದು. ಖರ್ಚಿನ ಲೆಕ್ಕ ಬೇಕಾ? ಸುಮ್ನೆ ಆನ್ ಇರುವ ಡೆಸ್ಕ್‌ಟಾಪ್ 60 ವ್ಯಾಟ್ ತೆಗೆದುಕೊಳ್ಳುತ್ತದೆ ಅಂತ ಹಿಡಿದರೆ 10 ಗಂಟೆಗೆ 0.6 ಯೂನಿಟ್, ದಿನಾ ಹೀಗಾದರೆ ತಿಂಗಳಿಗೆ 18 ಯೂನಿಟ್.

ಮಗಳ ಲ್ಯಾಪ್‌ಟಾಪ್ ಕಥೆ ಬೇರೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಕಡೆ ಹಳೇ ಥರದ ಸ್ಲೀಪ್ ಇರುವುದೇ ಇಲ್ಲ, ಮಾಡರ್ನ್ ಸ್ಟ್ಯಾಂಡ್‌ಬೈ ಅಂತ ಇರುತ್ತದೆ. ಪರದೆ ಕಪ್ಪಾಗುತ್ತದೆ, ಯಂತ್ರ ಮಾತ್ರ ಮೊಬೈಲ್ ಫೋನ್‌ನಂತೆ ಅರೆನಿದ್ದೆಯಲ್ಲಿರುತ್ತದೆ, ವೈಫೈ ಸಿಕ್ಕರೆ ಮೇಲ್ ತರುತ್ತದೆ, ಅಪ್‌ಡೇಟ್ ನೋಡುತ್ತದೆ. ಮೇಜಿನ ಮೇಲಿದ್ದರೆ ಏನೂ ಆಗಲ್ಲ. ಮುಚ್ಚಿದ ಬ್ಯಾಗ್‌ನಲ್ಲಿ ಗಾಳಿ ಇಲ್ಲ, ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಧಾರವಾಡದಲ್ಲಿ ಇಳಿಯುವುದರೊಳಗೆ ಬೆನ್ನಿಗೆ ಬಿಸಿ ತಾಗುತ್ತದೆ. ಅವರಿಗೆ ಪವರ್‌ಸಿಎಫ್‌ಜಿ, ಜಾಗ, ಸ್ಲ್ಯಾಶ್ ಎ ಅಂತ ಕೊಟ್ಟು ನೋಡಲು ಹೇಳಿ. ಸ್ಟ್ಯಾಂಡ್‌ಬೈ ಎಸ್ ಝೀರೋ ಲೋ ಪವರ್ ಐಡಲ್ ಅಂತ ಮೇಲಿನ ಪಟ್ಟಿಯಲ್ಲಿ ಇದ್ದರೆ ಇದೇ. ಮುಚ್ಚಳ ಮುಚ್ಚಿದಾಗ ಸ್ಲೀಪ್ ಬದಲು ಹೈಬರ್ನೇಟ್ ಆಗುವಂತೆ ಇಟ್ಟರೆ ಮುಗಿಯಿತು, ಬ್ಯಾಟರಿಯೂ ಉಳಿಯುತ್ತದೆ. ಲೈಟ್ ಪೂರ್ತಿ ಆರುವ ತನಕ ಒಂದರ್ಧ ನಿಮಿಷ ಕಾದು ಬ್ಯಾಗ್‌ಗೆ ಹಾಕಲಿ.

ಇಷ್ಟು ಮಾಡಿದ ಮೇಲೂ ನಿಮ್ಮ ಡೆಸ್ಕ್‌ಟಾಪ್ ಏಳುತ್ತಿದ್ದರೆ ಮತ್ತೆ ಬರೆಯಿರಿ. ಬರೆಯುವಾಗ ಪವರ್ ಟ್ರಬಲ್‌ಶೂಟರ್ ಸಾಲಿನ ಫೋಟೋ, ಲಾಸ್ಟ್‌ವೇಕ್ ಉತ್ತರದ ಫೋಟೋ, ಮದರ್‌ಬೋರ್ಡ್ ಹೆಸರು, ಯುಪಿಎಸ್ ಬ್ಯಾಟರಿ ಮೇಲೆ ಬರೆದಿರುವ ತಿಂಗಳು ಮತ್ತು ವರ್ಷ, ಇಷ್ಟು ಇರಲಿ. ಫೋಟೋ ತೆಗೆಯುವಾಗ ಪರದೆಯ ಮೇಲೆ ಗಿರಾಕಿಗಳ ಪತ್ರಿಕೆ ಇದ್ದರೆ ಅದನ್ನು ಮುಚ್ಚಿ ತೆಗೆಯಿರಿ.